ಒಂದು ಕಿಲೋ ಹಟ್ಟಿ ಬಂಗಾರ, ಒಂದು ಮನೆ: ಡಿಎಂಎಫ್ ರೊಕ್ಕದ ಲೆಕ್ಕ

ಇದು ಈ ಸಂಚಿಕೆಯ ಬರಹ ರೂಪ. ಇಯರ್‌ಫೋನ್ ಮನ್ಯಾಗ ಮರೆತು ಬಂದವರು, ಬಸ್ಸಿನ ಗದ್ದಲದಾಗ ಕೂತವರು ಓದಿಕೊಳ್ಳಲಿ ಅಂತ ಸ್ವಲ್ಪ ತಿದ್ದಿ ಹಾಕಿದ್ದೀನಿ. ಅಲ್ಲಲ್ಲಿ ನಮ್ಮ ಕಡೆ ಮಾತು ಹಂಗೇ ಉಳಿದದ, ಅಡ್ಜಸ್ಟ್ ಮಾಡ್ಕೊಳ್ಳಿ.

ಲಿಂಗಸುಗೂರು ಕಡೆಯಿಂದ ಒಬ್ಬ ತಮ್ಮ ವಾಯ್ಸ್ ಮೆಸೇಜ್ ಕಳಿಸಿದ್ದ. ಪ್ರಶ್ನೆ ಇಷ್ಟೇ: "ಅಣ್ಣಾ, ಅಧಿವೇಶನ ಬಂದ್ರ ಸಾಕು ಹಟ್ಟಿ ಗಣಿ ಬೆಳೀಬೇಕು, ವಿಸ್ತರಣೆ ಆಗಬೇಕು ಅಂತ ಮಾತಾಡ್ತಾರ. ಗಣಿ ಬೆಳೆದ್ರ ನಮ್ಮ ಊರಿಗೆ ಏನ್ ಸಿಗ್ತದ? ಕರೆಕ್ಟಾಗಿ ರೊಕ್ಕದಾಗ ಹೇಳು." ಬಿ.ಕಾಂ ಓದಿದವನ ಹತ್ತಿರ ರೊಕ್ಕದಾಗ ಹೇಳು ಅಂದ್ರೆ ಬಿಡ್ತೀನಾ? ಇಡೀ ಸಂಚಿಕೆ ಆ ಒಂದು ಪ್ರಶ್ನೆಗೇ.

ಮೊದಲು ಗಣಿ ಯಾರದು ಅನ್ನೋದು. ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿರೋ ಗಣಿ ಖಾಸಗಿಯವರದ್ದಲ್ಲ, ಕೇಂದ್ರದ್ದೂ ಅಲ್ಲ. ಅದು ಕರ್ನಾಟಕ ಸರ್ಕಾರದ ಕಂಪನಿ. 1947ರಲ್ಲಿ, ಇನ್ನೂ ನಿಜಾಮರ ಆಳ್ವಿಕೆ ಇದ್ದಾಗ, ಹೈದರಾಬಾದ್ ಗೋಲ್ಡ್ ಮೈನ್ಸ್ ಅನ್ನೋ ಹೆಸರಿನಲ್ಲಿ ಶುರುವಾಯಿತು. 1956ರಲ್ಲಿ ರಾಜ್ಯಗಳ ಮರುವಿಂಗಡಣೆಯಾಗಿ ರಾಯಚೂರು ಕರ್ನಾಟಕಕ್ಕೆ ಸೇರಿದ ಮೇಲೆ ಹಟ್ಟಿ ಚಿನ್ನದ ಗಣಿ ಕಂಪನಿ ಆಯಿತು. ಕೋಲಾರದ ಕೆಜಿಎಫ್ 2001ರ ಫೆಬ್ರುವರಿ 28ಕ್ಕೆ ಬಾಗಿಲು ಹಾಕಿದ ಮೇಲೆ ದೇಶದಲ್ಲಿ ನೆಲದಿಂದ ನೇರವಾಗಿ ಬಂಗಾರ ತೆಗೆಯೋದರಲ್ಲಿ ಹಟ್ಟಿಯೇ ಮುಂದೆ. ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ ಒಂದೂವರೆ ಟನ್ ಆಸುಪಾಸು ಚಿನ್ನ ತೆಗೀತದ.

ಈಗ ಲೆಕ್ಕ. ಪೆನ್ನು ಬೇಡ, ಮನಸಿನಾಗೇ ಆಗ್ತದ.

ಬಂಗಾರದ ರೇಟು ದಿನಾ ಏರಿಳಿತದ, ಈಚೆಗೆ ಏರೋದೇ ಜಾಸ್ತಿ. ಲೆಕ್ಕ ಸುಲಭ ಆಗಲಿ ಅಂತ 10 ಗ್ರಾಂಗೆ 1 ಲಕ್ಷ ರೂಪಾಯಿ ಅಂತ ಇಟ್ಕೊಳ್ಳಿ. ಅಂದ್ರೆ ಒಂದು ಕಿಲೋ ಬಂಗಾರಕ್ಕೆ 1 ಕೋಟಿ. ಗಣಿ ಮಾಡಿದವರು ರಾಜ್ಯ ಸರ್ಕಾರಕ್ಕೆ ರಾಯಲ್ಟಿ ಅಂದ್ರೆ ರಾಜಧನ ಕಟ್ಟಬೇಕು. ಅದಿರಿನಲ್ಲಿರೋ ಬಂಗಾರಕ್ಕೆ ಲಂಡನ್ ಬುಲಿಯನ್ ಮಾರುಕಟ್ಟೆ ದರದ ಮೇಲೆ ಶೇ 4. ಒಂದು ಕೋಟಿಗೆ 4 ಲಕ್ಷ ಆಯ್ತು. ಈ 4 ಲಕ್ಷ ಬೆಂಗಳೂರಿನ ಖಜಾನೆಗೆ ಹೋಗ್ತದ, ಅಲ್ಲಿಂದ ಯಾವ ಜಿಲ್ಲೆಗೆ ಯಾವ ರೂಪದಲ್ಲಿ ಹೋಗ್ತದ ಅಂತ ಹಿಂಬಾಲಿಸೋದು ಕಷ್ಟ. ಅದನ್ನ ಬಿಟ್ಟುಬಿಡೋಣ.

ನಮಗೆ ಬೇಕಾಗಿರೋದು ಅದರ ಪಕ್ಕದ ಇನ್ನೊಂದು ಕೊಳವೆ. 2015ರಲ್ಲಿ ಸಂಸತ್ತು ಗಣಿ ಮತ್ತು ಖನಿಜ ಕಾಯ್ದೆಗೆ ತಿದ್ದುಪಡಿ ತಂದು 9ಬಿ ಅಂತ ಒಂದು ಸೆಕ್ಷನ್ ಸೇರಿಸಿತು. ಗಣಿ ಇರೋ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಖನಿಜ ಪ್ರತಿಷ್ಠಾನ ಇರಬೇಕು. ಡಿಎಂಎಫ್ ಅಂತಾರಲ್ಲ, ಅದೇ. 2015ರ ಜನವರಿ 12ಕ್ಕಿಂತ ಮೊದಲು ಗುತ್ತಿಗೆ ಪಡೆದ ಗಣಿಗಳು ರಾಯಲ್ಟಿಯ ಶೇ 30ರಷ್ಟು ಮೊತ್ತವನ್ನ, ರಾಯಲ್ಟಿ ಅಲ್ಲದೆ ಹೆಚ್ಚುವರಿಯಾಗಿ, ಈ ಪ್ರತಿಷ್ಠಾನಕ್ಕೆ ಕಟ್ಟಬೇಕು. ಆಮೇಲೆ ಹರಾಜಿನಲ್ಲಿ ಪಡೆದವರಿಗೆ ಶೇ 10. ಹಟ್ಟಿ ಹಳೇ ಗಣಿ, ಹಂಗಾಗಿ ಶೇ 30. ನಾಲ್ಕು ಲಕ್ಷದ ಶೇ 30 ಎಷ್ಟು? 1 ಲಕ್ಷ 20 ಸಾವಿರ.

ಇಲ್ಲಿ ಒಂದು ನಿಮಿಷ ನಿಲ್ಲಿ. ಪ್ರಧಾನಮಂತ್ರಿ ಆವಾಸ್ ಯೋಜನೆ ಗ್ರಾಮೀಣದಲ್ಲಿ, ಬಯಲು ಪ್ರದೇಶದಲ್ಲಿ ಒಂದು ಮನೆಗೆ ಕೊಡೋ ಸಹಾಯಧನ ಎಷ್ಟು ಗೊತ್ತಾ? ಅದೂ 1 ಲಕ್ಷ 20 ಸಾವಿರ. ಇದು ಬರೀ ಕಾಕತಾಳೀಯ, ನಾನು ಇಟ್ಕೊಂಡ ರೇಟಿನಿಂದ ಆಗಿದ್ದು. ಆದ್ರೆ ನೆನಪಿಡೋದಕ್ಕೆ ಚಲೋ ಅದ: ಹಟ್ಟಿಯಿಂದ ಒಂದು ಕಿಲೋ ಬಂಗಾರ ಮೇಲೆ ಬಂದ್ರೆ ಜಿಲ್ಲೆಗೆ ಒಂದು ಮನೆಯ ರೊಕ್ಕ. ಒಂದೂವರೆ ಟನ್ ಅಂದ್ರೆ 1,500 ಕಿಲೋ, ಅಂದ್ರೆ 18 ಕೋಟಿ. ಬಂಗಾರದ ರೇಟು ಹೆಚ್ಚಾದ್ರೆ ಇದೂ ಹೆಚ್ಚಾಗ್ತದ. ಆ ಸಹಾಯಧನದಾಗ ನಿಜವಾಗ್ಲೂ ಮನೆ ಮುಗೀತದಾ ಅಂತ ಕೇಳಬೇಡಿ. ಸಿಮೆಂಟ್, ಕಬ್ಬಿಣ, ಮೇಸ್ತ್ರಿ ಕೂಲಿ ಕೊಟ್ಟವರಿಗೆ ಗೊತ್ತು.

ಮುಂದಿನ ಪ್ರಶ್ನೆ: ಡಿಎಂಎಫ್ ರೊಕ್ಕದಲ್ಲಿ ಮನೆ ಕಟ್ಟಬಹುದಾ? ಕಟ್ಟಬಹುದು. ಕೇಂದ್ರ ಸರ್ಕಾರ 2024ರ ಜನವರಿಯಲ್ಲಿ ಮಾರ್ಗಸೂಚಿ ಬದಲಾಯಿಸಿತು. ಕನಿಷ್ಠ ಶೇ 70ರಷ್ಟು ಹಣವನ್ನ ಹೆಚ್ಚಿನ ಆದ್ಯತೆಯ ಕೆಲಸಗಳಿಗೆ ಹಾಕಬೇಕು. ಕುಡಿಯೋ ನೀರು, ಆರೋಗ್ಯ, ಶಿಕ್ಷಣ, ಮಹಿಳೆಯರು ಮತ್ತು ಮಕ್ಕಳ ಕಲ್ಯಾಣ, ವಯಸ್ಸಾದವರು ಮತ್ತು ಅಂಗವಿಕಲರ ಕಲ್ಯಾಣ ಆ ಪಟ್ಟಿಯಲ್ಲಿವೆ, ವಸತಿಯೂ ಇದೆ. ರಸ್ತೆ, ಸೇತುವೆ, ವಿದ್ಯುತ್ ಇಂಥವೆಲ್ಲ ಉಳಿದ ಶೇ 30ರಲ್ಲಿ. ನಮ್ಮ ರಾಜಕಾರಣಿಗಳಿಗೆ ಆ ಶೇ 30ರ ಮೇಲೇ ಪ್ರೀತಿ ಜಾಸ್ತಿ. ರಸ್ತೆಗೆ ಭೂಮಿಪೂಜೆ ಮಾಡಿದ್ರೆ ಫೋಟೋ ಬರ್ತದ, ದಮ್ಮು ಹತ್ತಿದ ಮುದುಕನ ಮನೆಗೆ ಇಳಿಜಾರು ಹಾಕಿಸಿದ್ರೆ ಯಾರು ಫೋಟೋ ತೆಗೀತಾರ?

ಇನ್ನೊಂದು ಶೇ 70 ಅದ, ಎರಡನ್ನೂ ಗೊಂದಲ ಮಾಡ್ಕೋಬೇಡಿ. ಗಣಿಯಿಂದ 15 ಕಿಲೋಮೀಟರ್ ಸುತ್ತಳತೆಯೊಳಗಿನ ಪ್ರದೇಶವನ್ನ ನೇರ ಬಾಧಿತ ಅಂತಾರೆ, 25 ಕಿಲೋಮೀಟರ್ ಒಳಗಿನದ್ದನ್ನ ಪರೋಕ್ಷ ಬಾಧಿತ ಅಂತಾರೆ. ಕನಿಷ್ಠ ಶೇ 70 ಹಣ ನೇರ ಬಾಧಿತ ಪ್ರದೇಶದಲ್ಲೇ ಖರ್ಚಾಗಬೇಕು.

ಈಗ ಫೋನಿನಲ್ಲಿ ಮ್ಯಾಪ್ ತೆಗೀರಿ. ಹಟ್ಟಿ ಮೇಲೆ ಬೆರಳಿಡಿ. ಕಾಗೆ ಹಾರಿದಂಗೆ ಅಳೆದ್ರೆ ಲಿಂಗಸುಗೂರು ಪಟ್ಟಣ 15 ಕಿಲೋಮೀಟರ್ ಗೆರೆಯ ಹತ್ತಿರ ಬರ್ತದ. ಮಸ್ಕಿ ಪಟ್ಟಣ 25ರ ಗೆರೆಯ ಅಂಚಿನಲ್ಲಿ, ಒಳಗಾ ಹೊರಗಾ ಅನ್ನೋದು ಎಲ್ಲಿಂದ ಅಳೀತೀರಿ ಅನ್ನೋದರ ಮೇಲೆ. ಮಸ್ಕಿ ತಾಲ್ಲೂಕಿನ ಉತ್ತರದ ಹಳ್ಳಿಗಳು ಪಟ್ಟಣಕ್ಕಿಂತ ಹತ್ತಿರ. ಸಿಂಧನೂರು? 50 ಕಿಲೋಮೀಟರ್ ಆಸುಪಾಸು. ಹೊರಗೆ. ದೇವದುರ್ಗ ತಾಲ್ಲೂಕಿನ ಊಟಿಯಲ್ಲಿ ಇದೇ ಕಂಪನಿಯ ಇನ್ನೊಂದು ಗಣಿ ಅದ, ಅದಕ್ಕೆ ಅದರದೇ ವೃತ್ತ. ಗಣಿ ವಿಸ್ತರಣೆ ಅಂತ ಸದನದಲ್ಲಿ ಮಾತು ಬಂದಾಗ ನನಗೆ ಮೊದಲು ಹೊಳೆಯೋದು ಇದೇ: ಹೊಸ ಗಣಿ ಎಲ್ಲಿ ತೆಗೀತಾರೋ ಅಲ್ಲಿ ಹೊಸ ವೃತ್ತ ಬರ್ತದ, ಹೊಸ ಹಳ್ಳಿಗಳು ಒಳಗೆ ಬರ್ತಾವ. ಹಟ್ಟಿಯಿಂದ ಮಸ್ಕಿವರೆಗಿನ ಕಲ್ಲಿನ ಪಟ್ಟಿಯನ್ನ ಭೂವಿಜ್ಞಾನಿಗಳು ಹಟ್ಟಿ–ಮಸ್ಕಿ ಪಟ್ಟಿ ಅಂತಲೇ ಕರೀತಾರ, ಬಂಗಾರ ಇರೋದು ಆ ಪಟ್ಟಿಯಲ್ಲಿ. ಮಸ್ಕಿಯವರು ಈ ಮಾತನ್ನ ಕಿವಿಗೊಟ್ಟು ಕೇಳಬೇಕು.

ಮಸ್ಕಿ ಅಂದ ಕೂಡಲೇ ಎಲ್ಲರಿಗೂ ಅಶೋಕನ ಶಾಸನ ನೆನಪಾಗ್ತದ. ಸಾಲ್ಯಾಗ ಓದಿದ್ದು. ಅದನ್ನ 1915ರಲ್ಲಿ ಕಂಡುಹಿಡಿದ ಸಿ. ಬೀಡನ್ ಇತಿಹಾಸಕಾರ ಅಲ್ಲ, ಬಂಗಾರದ ಗಣಿಯ ಎಂಜಿನಿಯರ್! ಬಂಗಾರ ಹುಡುಕ್ತಾ ಬಂದವನಿಗೆ ಸಿಕ್ಕಿದ್ದು ಶಾಸನ. ದೇವಾನಾಂಪ್ರಿಯ ಅಂದ್ರೆ ಅಶೋಕನೇ ಅಂತ ಮೊದಲು ಖಾತ್ರಿಯಾಗಿದ್ದು ಆ ಕಲ್ಲಿನಿಂದ. ಹಟ್ಟಿಯಲ್ಲಿ ಸುಮಾರು 2,000 ವರ್ಷ ಹಿಂದಿನ ಗಣಿ ಕೆಲಸದ ಗುರುತುಗಳೂ ಸಿಕ್ಕಿದಾವ. ಬಂಡೆಗೆ ಬೆಂಕಿ ಹಚ್ಚಿ, ಕಾಯಿಸಿ, ಒಡೆದು, ನೂರಾರು ಅಡಿ ಕೆಳಗೆ ಇಳಿದಿದ್ದಾರ ನಮ್ಮವರು. ರಾಜನ ಹೆಸರು ಕಲ್ಲಿನ ಮೇಲೆ ಅದ. ಕೆಳಗೆ ಇಳಿದವರ ಹೆಸರು ಎಲ್ಲೂ ಇಲ್ಲ.

ಇದನ್ನ ಯಾಕೆ ಹೇಳಿದೆ ಅಂದ್ರೆ, ಆ ತಮ್ಮನ ವಾಯ್ಸ್ ಮೆಸೇಜಿನ ಕೊನೆಗೆ ಇನ್ನೊಂದು ಮಾತಿತ್ತು. ಅಧಿವೇಶನದ ಮೊದಲ ದಿನ ಸಂತಾಪ ಸೂಚನೆ ಓದ್ತಾರಲ್ಲ, ಎಲ್ಲರೂ ಎದ್ದು ನಿಂತು ಮೌನ ಆಚರಿಸ್ತಾರಲ್ಲ, ಅದರಲ್ಲಿ ಗಣಿಯಾಗ ಸತ್ತ ಹುಡುಗರ ಹೆಸರು ಯಾಕ ಬರೂದಿಲ್ಲ ಅಂತ. ನನಗೆ ಉತ್ತರ ತಕ್ಷಣ ಬಾಯಿಗೆ ಬಂತು: ಸಂತಾಪ ಸೂಚನೆ ಇರೋದು ಮುಖ್ಯವಾಗಿ ಮಾಜಿ ಸದಸ್ಯರಿಗೆ, ನಾಡಿನ ಗಣ್ಯರಿಗೆ. ಆದ್ರೆ ಅದು ಪದ್ಧತಿಯ ಉತ್ತರ, ಪ್ರಶ್ನೆಗೆ ಉತ್ತರ ಅಲ್ಲ. ಗಣಿ ಸರ್ಕಾರದ್ದು. ಅಲ್ಲಿ ಒಬ್ಬ ಹುಡುಗ ಸತ್ತರೆ ಅವನು ಸರ್ಕಾರದ ಕೆಲಸದಲ್ಲಿ ಸತ್ತ ಅಂತಲೇ ಅರ್ಥ. 224 ಜನ ಒಂದು ನಿಮಿಷ ಎದ್ದು ನಿಂತ್ರೆ ಖರ್ಚೇನೂ ಇಲ್ಲ. ನನ್ನ ಪ್ರಕಾರ ನಮ್ಮ ಭಾಗದ ಶಾಸಕರು ಇದನ್ನ ಕೇಳಬೇಕು, ಪಕ್ಷ ಯಾವುದಾದರೂ ಸರಿ.

ಆದ್ರೆ ಗಣಿಯ ಸಾವು ಯಾವಾಗಲೂ ಅಪಘಾತದ ರೂಪದಲ್ಲಿ ಬರಲ್ಲ, ಇದು ಹೇಳಲೇಬೇಕು. ಬಂಗಾರ ಇರೋದು ಬೆಣಚುಕಲ್ಲಿನ ಎಳೆಗಳಲ್ಲಿ. ಆ ಕಲ್ಲನ್ನ ಕೊರೆದಾಗ, ಸಿಡಿಸಿದಾಗ ಏಳೋ ಧೂಳಿನಲ್ಲಿ ಸಿಲಿಕಾ ಇರ್ತದ. ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಪುಪ್ಪುಸದೊಳಗೆ ಹೋಗಿ ಕೂತ್ರೆ ಹೊರಗೆ ಬರಲ್ಲ, ಅಲ್ಲಿ ಗಾಯದ ಕಲೆ ಕಟ್ಟುತ್ತಾ ಹೋಗ್ತದ. ಸಿಲಿಕೋಸಿಸ್ ಅಂತಾರ. ವರ್ಷಗಟ್ಟಲೆ ಏನೂ ಗೊತ್ತಾಗಲ್ಲ, ಆಮೇಲೆ ದಮ್ಮು ಹತ್ತೋಕೆ ಶುರುವಾಗ್ತದ, ಮೆಟ್ಟಿಲು ಹತ್ತೋಕಾಗಲ್ಲ. ಕೆಮ್ಮು ಇರೋದರಿಂದ ಬಹಳ ಸಲ ಟಿಬಿ ಅಂತ ಔಷಧ ಶುರು ಮಾಡ್ತಾರ. ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬರೋ ಸಾಧ್ಯತೆಯೂ ಹೆಚ್ಚು, ಹಂಗಾಗಿ ಎರಡೂ ಕಲಸಿಹೋಗ್ತಾವ. ಇದನ್ನ ವಾಸಿ ಮಾಡೋ ಔಷಧ ಇಲ್ಲ. ಧೂಳು ಏಳದಂಗೆ ನೀರು ಬಿಟ್ಟು ಕೊರೆಯೋದು, ಗಾಳಿ ಆಡೋ ವ್ಯವಸ್ಥೆ, ಸರಿಯಾದ ಮಾಸ್ಕ್, ಕಾಲಕಾಲಕ್ಕೆ ಎಕ್ಸ್‌ರೇ. ತಡೆಯೋದೇ ದಾರಿ.

ಕೆಜಿಎಫ್‌ನಲ್ಲಿ ಇದು ಹಳೇ ಕಥೆ. 1940ರ ದಶಕದಲ್ಲಿ ಅಲ್ಲಿ 7 ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನ ಪರೀಕ್ಷೆ ಮಾಡಿದಾಗ ನೂರಕ್ಕೆ 40ಕ್ಕಿಂತ ಹೆಚ್ಚು ಜನರಲ್ಲಿ ಸಿಲಿಕೋಸಿಸ್ ಕಂಡಿತ್ತು. ಆಗ ಮೆಷಿನ್ನು, ರೂಲ್ಸು ಎಲ್ಲ ಬೇರೆ ಇದ್ದವು, ಆ ಅಂಕಿಯನ್ನ ಇವತ್ತಿನ ಹಟ್ಟಿಗೆ ಅಂಟಿಸೋದು ತಪ್ಪು. ಆದ್ರೆ ಬಂಗಾರದ ಕಲ್ಲು ಏನು ಮಾಡಬಲ್ಲದು ಅಂತ ಕರ್ನಾಟಕಕ್ಕೆ 80 ವರ್ಷದಿಂದ ಗೊತ್ತು ಅನ್ನೋದಂತೂ ನಿಜ. ಕಾನೂನಿನ ಪ್ರಕಾರ ಸಿಲಿಕೋಸಿಸ್ ವರದಿ ಮಾಡಲೇಬೇಕಾದ ಕಾಯಿಲೆ, ಪರಿಹಾರಕ್ಕೂ ಅರ್ಹ. ಅಡ್ಡಿ ಬರೋದು ಸರ್ಟಿಫಿಕೇಟಿನಲ್ಲಿ. ಕಾಯಿಲೆ ಕಾಣೋ ಹೊತ್ತಿಗೆ ಮನುಷ್ಯ ಕೆಲಸ ಬಿಟ್ಟು ಹತ್ತು ವರ್ಷ ಆಗಿರ್ತದ, ಗುತ್ತಿಗೆದಾರನ ಕೈಕೆಳಗೆ ದುಡಿದವನಾಗಿದ್ರೆ ದುಡಿದ ದಾಖಲೆಯೂ ಇರಲ್ಲ.

ಈಗ ಮನೆಗೆ ಬರೋಣ. ಕಂಪನಿಯ ಕ್ವಾರ್ಟರ್ಸ್ ಕೆಲಸದಲ್ಲಿ ಇರೋ ತನಕ. ನಿವೃತ್ತಿ ಆದ್ರೆ ಬಿಡಬೇಕು, ಇದು ಎಲ್ಲಾ ಕಡೆ ಇರೋ ನಿಯಮ. ಅಂದ್ರೆ ಒಬ್ಬ ಮನುಷ್ಯನಿಗೆ ಆಸರೆ ಹೆಚ್ಚು ಬೇಕಾದ ಹೊತ್ತಿಗೇ ಮನೆ ಹೋಗ್ತದ. ಸತ್ತ ಕಾರ್ಮಿಕನ ಹೆಂಡತಿಗೂ ಅದೇ. ಕೆಜಿಎಫ್‌ನಲ್ಲಿ ಗಣಿಯೇ ಮುಚ್ಚಿಹೋಯಿತು, ಜನ ಹಳೇ ಲೈನ್ ಮನೆಗಳಲ್ಲೇ ಉಳಿದರು, ಎರಡು ದಶಕ ದಾಟಿದರೂ ಕಾರ್ಮಿಕ ಕುಟುಂಬಗಳು ಅಲ್ಲೇ ಇದ್ದಾವ. ಹಟ್ಟಿ ಮುಚ್ಚೋ ಮಾತು ಈಗಿಲ್ಲ. ಆದ್ರೆ ಯಾವ ಗಣಿಯೂ ಶಾಶ್ವತ ಅಲ್ಲ, ಬಂಗಾರ ಮುಗಿದ ಮೇಲೆ ಮನೆ ಬಗ್ಗೆ ಯೋಚಿಸೋದಲ್ಲ.

ನಾನು ಹೇಳ್ತಿರೋ ಆಸರೆ ಮನೆ ಬರೀ ನಾಲ್ಕು ಗೋಡೆ ಅಲ್ಲ. ನೆಲಮಟ್ಟದಲ್ಲಿರಬೇಕು, ಮೆಟ್ಟಿಲು ಇರಬಾರದು. ಆಸ್ಪತ್ರೆ ಹತ್ತಿರ ಇರಬೇಕು. ಆಕ್ಸಿಜನ್ ಮೆಷಿನ್ ಓಡೋಕೆ ಕರೆಂಟ್ ಕೈಕೊಡಬಾರದು. ವಾರಕ್ಕೊಮ್ಮೆ ಆಶಾ ಕಾರ್ಯಕರ್ತೆಯೋ ನರ್ಸೋ ಬಂದು ನೋಡಬೇಕು. ಮನೆ ಮತ್ತು ಆರೈಕೆ ಒಟ್ಟಿಗೆ. ಡಿಎಂಎಫ್ ಪಟ್ಟಿಯಲ್ಲಿ ವಸತಿ, ಆರೋಗ್ಯ, ವಯಸ್ಸಾದವರು, ಅಂಗವಿಕಲರು ಎಲ್ಲಾ ಬೇರೆ ಬೇರೆ ಸಾಲಿನಲ್ಲಿ ಇದ್ದಾವ. ಅವನ್ನ ಒಂದು ಯೋಜನೆಯಲ್ಲಿ ಸೇರಿಸೋಕೆ ಯಾವ ನಿಯಮವೂ ಅಡ್ಡ ಇಲ್ಲ. ಮೇಲಿನ 18 ಕೋಟಿಯ ಶೇ 70 ಅಂದ್ರೆ 12 ಕೋಟಿ 60 ಲಕ್ಷ. ಅದರಲ್ಲಿ ಮೂರನೇ ಒಂದು ಭಾಗ, 4 ಕೋಟಿ 20 ಲಕ್ಷ, ಮನೆಗೆ ಇಟ್ಟರೆ 1.20 ಲಕ್ಷದ ಲೆಕ್ಕದಲ್ಲಿ ವರ್ಷಕ್ಕೆ 350 ಮನೆ. ನಾನು ಹೇಳಿದಂಥ ಮನೆಗೆ ನಾಲ್ಕು ಪಟ್ಟು ಖರ್ಚಾಗ್ತದ ಅಂತ ಇಟ್ಕೊಂಡರೂ 80ರ ಮೇಲೆ. ಐದು ವರ್ಷದಲ್ಲಿ ನಾಲ್ಕುನೂರು ದಾಟ್ತದ.

ಇದು ಕನಸಿನ ಮಾತು ಅನ್ನಬೇಡಿ. ರಾಜಸ್ಥಾನ 2019ರಲ್ಲಿ ಸಿಲಿಕೋಸಿಸ್‌ನಂಥ ಧೂಳಿನ ಕಾಯಿಲೆಗಳಿಗೇ ಒಂದು ನೀತಿ ಮಾಡಿತು. ಕಾಯಿಲೆ ದೃಢಪಟ್ಟ ಕೂಡಲೇ 3 ಲಕ್ಷ, ಸತ್ತರೆ ಕುಟುಂಬಕ್ಕೆ 2 ಲಕ್ಷ, ತಿಂಗಳ ಪಿಂಚಣಿ. ಅದಕ್ಕೆ ಡಿಎಂಎಫ್ ಹಣವನ್ನೂ ಬಳಸ್ತಾರ. ಅಲ್ಲಿ ಕಲ್ಲು ಗಣಿ ಜಾಸ್ತಿ, ಹೋರಾಟವೂ ಜಾಸ್ತಿ ಇತ್ತು. ಕೇಳಿದವರಿಗೆ ಸಿಕ್ಕಿತು.

ಎಚ್ಚರಿಕೆಯೂ ಬೇಕು. 2009ರ ಪ್ರವಾಹದ ಮೇಲೆ ನಮ್ಮ ಉತ್ತರ ಕರ್ನಾಟಕದಲ್ಲಿ ಕಟ್ಟಿದ ಮನೆಗಳಿಗೆ ಆಸರೆ ಅಂತಲೇ ಹೆಸರಿಟ್ಟಿದ್ದರು. ಎಷ್ಟೋ ಕಡೆ ಜನ ಒಳಗೆ ಹೋಗಲೇ ಇಲ್ಲ, ಗಿಡಗಂಟಿ ಬೆಳೆದವು. ಹೊಲ ದೂರ, ನೀರಿಲ್ಲ, ದನ ಕಟ್ಟೋಕೆ ಜಾಗ ಇಲ್ಲ. ಎಲ್ಲಿ ಕಟ್ಟಬೇಕು ಅಂತ ಅಲ್ಲಿ ಇರಬೇಕಾದವರನ್ನ ಕೇಳದೆ ಕಟ್ಟಿದರೆ ಹಂಗೇ ಆಗೋದು.

ಸಿಂಧನೂರಿನವರು ಇಷ್ಟೊತ್ತು ಕೇಳಿ "ನಮಗೇನ್ರಿ?" ಅಂತಿರಬಹುದು. ನಾನೂ ಆ ಕಡೆಯವನೇ. ನೇರವಾಗಿ ಹೇಳ್ತೀನಿ: ಡಿಎಂಎಫ್‌ನಿಂದ ನಮಗೆ ದೊಡ್ಡದೇನೂ ಇಲ್ಲ, ನಮ್ಮದು ಭತ್ತ, ತುಂಗಭದ್ರಾ ಎಡದಂಡೆ ಕಾಲುವೆ. ಆದ್ರೆ ಮನೆ ಜೊತೆ ಬದುಕನ್ನೂ ಕೊಡೋದು ಅಂದ್ರೆ ಏನು ಅಂತ ನೋಡೋಕೆ ಸಿಂಧನೂರೇ ಉದಾಹರಣೆ. ಐದು ದಶಕದ ಹಿಂದೆ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಇಲ್ಲಿ ಪುನರ್ವಸತಿ ಕ್ಯಾಂಪ್ ಮಾಡಿ ಮನೆ ಜೊತೆ ಹೊಲ ಕೊಟ್ಟಿತು. ಆರ್‌ಎಚ್ ಕ್ಯಾಂಪ್ ಅಂದ್ರೆ ಎಲ್ಲರಿಗೂ ಗೊತ್ತು. ಹೊಲ ಇದ್ದದ್ದಕ್ಕೆ ಜನ ನಿಂತರು. ಕಾಗದದ ತೊಂದರೆ ಮಾತ್ರ ಬೆನ್ನು ಬಿಡಲಿಲ್ಲ, ಪೌರತ್ವದ ಪ್ರಶ್ನೆ ಇತ್ತೀಚಿನವರೆಗೂ ಎಳೆದಾಡಿತು. ಹಟ್ಟಿಯಲ್ಲಿ ಮನೆ ಕೊಡೋವಾಗಲೂ ನಿವೇಶನದ ಹಕ್ಕುಪತ್ರ ಮೊದಲ ದಿನವೇ ಕೈಗೆ ಬರಬೇಕು ಅಂತ ನಾನು ಒತ್ತಿ ಹೇಳೋದು ಇದನ್ನ ನೋಡಿಯೇ.

ಹಂಗಾದ್ರೆ ತೀರ್ಮಾನ ಮಾಡೋರು ಯಾರು? ಡಿಎಂಎಫ್ ಆಡಳಿತ ಮಂಡಳಿಗೆ ಜಿಲ್ಲಾಧಿಕಾರಿ ಅಧ್ಯಕ್ಷರು. 2021ರ ಕೇಂದ್ರದ ಆದೇಶದ ಪ್ರಕಾರ ಜಿಲ್ಲೆಯ ಸಂಸದರು, ಶಾಸಕರು, ವಿಧಾನ ಪರಿಷತ್ ಸದಸ್ಯರು ಅದರ ಸದಸ್ಯರು. ಅಂದ್ರೆ 2023ರಲ್ಲಿ ಗೆದ್ದ ಲಿಂಗಸುಗೂರಿನ ಮಾನಪ್ಪ ವಜ್ಜಲ್, ಮಸ್ಕಿಯ ಬಸನಗೌಡ ತುರ್ವಿಹಾಳ, ಸಿಂಧನೂರಿನ ಹಂಪನಗೌಡ ಬಾದರ್ಲಿ ಮೂವರಿಗೂ ಅಲ್ಲಿ ಕುರ್ಚಿ ಇದೆ. ಒಬ್ಬರು ಬಿಜೆಪಿ, ಇಬ್ಬರು ಕಾಂಗ್ರೆಸ್. ಬೆಂಗಳೂರಿನಲ್ಲಿ, ಬೆಳಗಾವಿಯಲ್ಲಿ ಮಾತಾಡೋದಕ್ಕಿಂತ ರಾಯಚೂರಿನ ಈ ಸಭೆಯಲ್ಲಿ ಮಾತಾಡಿದ್ರೆ ಹೆಚ್ಚು ಕೆಲಸ ಆಗ್ತದ. ಜಿಲ್ಲೆಯ ಡಿಎಂಎಫ್ ಹಣವನ್ನ ರಾಜ್ಯದ ಖಜಾನೆಗೆ ತಗೊಂಡು ಹೋಗೋ ಹಂಗೂ ಇಲ್ಲ, ಅದೂ 2021ರಲ್ಲೇ ಕೇಂದ್ರ ಹೇಳಿದೆ.

ಸದನದ ಕೆಲಸ ಬೇರೆ. 2024ರ ಜುಲೈ 25ಕ್ಕೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 8–1ರ ಬಹುಮತದಲ್ಲಿ, ರಾಯಲ್ಟಿ ತೆರಿಗೆ ಅಲ್ಲ, ಖನಿಜದ ಹಕ್ಕಿನ ಮೇಲೆ ತೆರಿಗೆ ಹಾಕೋ ಅಧಿಕಾರ ರಾಜ್ಯಗಳಿಗೆ ಇದೆ ಅಂತ ಹೇಳಿತು. ಅದೇ ವರ್ಷ ಡಿಸೆಂಬರಿನಲ್ಲಿ ನಮ್ಮ ವಿಧಾನಮಂಡಲ ಅದಕ್ಕಾಗಿ ಮಸೂದೆ ಪಾಸು ಮಾಡಿತು. ಬಳ್ಳಾರಿಯ ಕಬ್ಬಿಣದ ಅದಿರಿಗೆ ಇದು ದೊಡ್ಡ ಸುದ್ದಿ. ಹಟ್ಟಿ ವಿಷಯದಲ್ಲಿ ಗಣಿಯೂ ಸರ್ಕಾರದ್ದು, ತೆರಿಗೆಯೂ ಸರ್ಕಾರದ್ದು, ಬಲಗಿಸೆಯಿಂದ ಎಡಗಿಸೆಗೆ ಹಾಕಿದಂಗೆ. ಹಂಗಾಗಿ ನಮ್ಮವರು ಸದನದಲ್ಲಿ ಕೇಳಬೇಕಾದ ಪ್ರಶ್ನೆ ತೆರಿಗೆಯದ್ದಲ್ಲ.

ಪ್ರಶ್ನೆ ಹಿಂಗಿರಲಿ. ಕಳೆದ ಐದು ವರ್ಷದಲ್ಲಿ ರಾಯಚೂರು ಡಿಎಂಎಫ್‌ಗೆ ಹಟ್ಟಿಯಿಂದ ವರ್ಷವಾರು ಎಷ್ಟು ಬಂತು, 15 ಕಿಲೋಮೀಟರ್ ಒಳಗಿನ ಯಾವ ಯಾವ ಗ್ರಾಮ ಪಂಚಾಯಿತಿಗಳನ್ನ ನೇರ ಬಾಧಿತ ಅಂತ ಗುರುತಿಸಿದ್ದೀರಿ, ವಸತಿಗೆ ಎಷ್ಟು, ರಸ್ತೆಗೆ ಎಷ್ಟು? ಕೆಲಸ ಬಿಟ್ಟ ಮತ್ತು ಗುತ್ತಿಗೆ ಕಾರ್ಮಿಕರಲ್ಲಿ ಎಷ್ಟು ಜನರಿಗೆ ಸಿಲಿಕೋಸಿಸ್ ತಪಾಸಣೆ ಆಗಿದೆ? ಗಣಿಯಲ್ಲಿ ಸತ್ತವರ ಹೆಸರು, ವಯಸ್ಸು, ಊರು ಬರೆದಿಟ್ಟ ಪುಸ್ತಕ ಸಾರ್ವಜನಿಕರಿಗೆ ನೋಡೋಕೆ ಸಿಗ್ತದಾ? ಚುಕ್ಕೆ ಗುರುತಿನ ಪ್ರಶ್ನೆ ಆಗಿದ್ರೆ ಮಂತ್ರಿ ಸದನದಲ್ಲೇ ಬಾಯಿಬಿಟ್ಟು ಉತ್ತರ ಹೇಳಬೇಕು, ಉಪಪ್ರಶ್ನೆ ಕೇಳೋಕೂ ಅವಕಾಶ ಇರ್ತದ.

ಶಾಸಕರು ಕೇಳಲಿಲ್ಲ ಅಂದ್ರೆ ನೀವು ಕೇಳಿ. ಕರ್ನಾಟಕದಲ್ಲಿ ಆರ್‌ಟಿಐ ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು, ಶುಲ್ಕ 10 ರೂಪಾಯಿ. ಗಣಿ ಮತ್ತು ಭೂವಿಜ್ಞಾನ ಇಲಾಖೆ ಆರಿಸಿ, ಮೇಲಿನ ಮೊದಲ ಪ್ರಶ್ನೆಯನ್ನ ಹಂಗೇ ಟೈಪ್ ಮಾಡಿ. ಉತ್ತರಕ್ಕೆ 30 ದಿನ. ಗ್ರಾಮಸಭೆಯಲ್ಲೂ ಡಿಎಂಎಫ್ ಕೆಲಸದ ಪಟ್ಟಿ ಕೇಳೋ ಹಕ್ಕು ನಿಮಗಿದೆ.

ಉತ್ತರ ಬಂದ್ರೆ ಅದರ ಫೋಟೋ ನನಗೆ ಕಳಿಸಿ. ಹಟ್ಟಿ, ಲಿಂಗಸುಗೂರು, ಮಸ್ಕಿ ಮೂರೂ ಕಡೆಯಿಂದ ಬಂದ್ರೆ ಮುಂದಿನ ಸಂಚಿಕೆಯಲ್ಲಿ ಪಂಚಾಯಿತಿವಾರು ಲೆಕ್ಕ ಹಾಕೋಣ.